ಅಂಟಾರ್ಕ್ಟಿಕಾದಿಂದ ವಾಪಸ್ ಬರುವ ಕೊನೆಯ ದಿನ: ಹಡಗಿನಲ್ಲೇ ಬರೋದಾ, ವಿಮಾನ ಹತ್ತೋದಾ?

ಕೆಲಗೇರಿ

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರವರಿಯಲ್ಲಿ ಅವ್ವನನ್ನು ಕರೆದುಕೊಂಡು ಅಂಟಾರ್ಕ್ಟಿಕಾಕ್ಕೆ ಹೊರಟಿದ್ದೇನೆ. ಅವ್ವನಿಗೆ ಈಗ 64. ಧಾರವಾಡದ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಬೋರ್ಡಿನ ಮೇಲೆ ಪ್ರಪಂಚದ ನಕ್ಷೆ ಬರೆಯುವಾಗ ಕೆಳಗೆ ಜಾಗ ಸಾಲದೆ ಪ್ರತಿ ವರ್ಷ ಆ ಖಂಡವನ್ನು ಅರ್ಧಕ್ಕೇ ಬಿಡುತ್ತಿದ್ದರಂತೆ. ಅದನ್ನು ಕಣ್ಣಾರೆ ನೋಡಬೇಕು ಅನ್ನೋದು ಅವರ ಬಹಳ ವರ್ಷದ ಆಸೆ.

ಅರ್ಜೆಂಟೀನಾದ ಉಶುವಾಯದಿಂದ ಹಡಗು. ಹೋಗುವಾಗ ಎರಡು ದಿನ ಡ್ರೇಕ್ ಜಲಸಂಧಿ, ಬರುವಾಗ ಎರಡು ದಿನ. ನಡುವೆ ಐದು ದಿನ ಹಿಮದ ನಾಡು. ಕಂಪನಿಯವರು ಕೊಟ್ಟ ಪಟ್ಟಿಯಲ್ಲಿ ನಡುವಿನ ಐದು ದಿನಕ್ಕೆ ಒಂದೊಂದು ಪುಟ ಇದೆ. ಕೊನೆಯ ದಿನಕ್ಕೆ ಒಂದೇ ಸಾಲು: 'ಸಮುದ್ರದಲ್ಲಿ ಪ್ರಯಾಣ'.

ಈಗ ಅವರೇ ಇನ್ನೊಂದು ದಾರಿ ಹೇಳುತ್ತಿದ್ದಾರೆ. ಕಿಂಗ್ ಜಾರ್ಜ್ ದ್ವೀಪದಲ್ಲಿ ಹಡಗು ಇಳಿದು, ವಿಮಾನದಲ್ಲಿ ಎರಡು ತಾಸಿಗೆ ಚಿಲಿಯ ಪುಂಟಾ ಅರೆನಾಸ್ ಸೇರಬಹುದು. ತಲೆಗೆ ಸುಮಾರು 2 ಲಕ್ಷ ಜಾಸ್ತಿ. ನನಗೆ ಎರಡು ದಿನ ರಜೆ ಉಳಿಯುತ್ತೆ. ಅವ್ವನಿಗೆ ಓಲಾಟ ತಪ್ಪುತ್ತೆ.

ಹೋಗಿ ಬಂದವರು ದಯವಿಟ್ಟು ಹೇಳಿ. ಆ ಕೊನೆಯ ದಿನ ನಿಜಕ್ಕೂ ಏನಿರುತ್ತೆ? ಸುಮ್ನೆ ಮಲಗಿಕೊಂಡು ಬರೋದಾದರೆ ವಿಮಾನವೇ ವಾಸಿ ಅಲ್ವಾ?

ಬೆಳ್ಳಕ್ಕಿ

ವಿಮಾನ ಬೇಡ. ಆ ಎರಡು ದಿನ ಹಡಗಿನ ಹಿಂದೆ ಹಾರಿ ಬರುವ ಹಕ್ಕಿಗಳನ್ನು ನೀವು ಬೇರೆಲ್ಲೂ ಹಾಗೆ ನೋಡಲಾರಿರಿ. ರಾತ್ರಿ ಕೂತು ವಿವರವಾಗಿ ಬರೆಯುತ್ತೇನೆ.

ಹಸಿರುಗದ್ದೆ

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಅಂಟಾರ್ಕ್ಟಿಕಾ ನನ್ನ ಜೀವನದ ದೊಡ್ಡ ಖುಷಿ. ಆದರೆ ವಾಪಸ್ ಬರುವ ಎರಡು ದಿನ ನನಗೆ ನರಕ. ಏಳರಿಂದ ಎಂಟು ಮೀಟರ್ ಅಲೆ ಅಂದರು. ಮಾತ್ರೆ ನುಂಗಿದೆ, ಅದೂ ಹೊರಗೆ ಬಂತು. ಹಡಗಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ನಿದ್ದೆ ಬಂತು. ಎದ್ದಾಗ ಊಟದ ಹೊತ್ತು ಮುಗಿದಿತ್ತು. ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದ ಫಿಲಿಪ್ಪೀನ್ಸಿನ ಹುಡುಗಿ ಎರಡೆರಡು ಗಂಟೆಗೆ ಬಂದು ಹಸಿರು ಸೇಬು ಹೆಚ್ಚಿ ಕೊಟ್ಟು, ಉಪ್ಪು ಬಿಸ್ಕತ್ತು ಇಟ್ಟು ಹೋಗುತ್ತಿದ್ದಳು. ಸೇಬು ಮಾತ್ರ ಒಳಗೆ ನಿಂತಿತು. ಆ ಹುಡುಗಿಯ ಋಣ ನನ್ನ ಮೇಲಿದೆ.

ಅವ್ವನವರಿಗೆ 64 ಅಂತೀರಿ. ಕಿವಿಯ ಹಿಂದೆ ಅಂಟಿಸುವ ಸ್ಕೋಪೋಲಮೈನ್ ಪಟ್ಟಿ ಬಹಳ ಜನ ಹಾಕಿಕೊಳ್ಳುತ್ತಾರೆ. ಕೆಲಸ ಮಾಡುತ್ತೆ. ಆದರೆ ಗ್ಲಾಕೋಮಾ ಅನ್ನೋ ಕಣ್ಣಿನ ಕಾಯಿಲೆ ಇದ್ದವರಿಗೆ ಅದು ಆಗಬಾರದು. ವಯಸ್ಸಾದವರಲ್ಲಿ ಬಾಯಿ ಒಣಗೋದು, ಕಣ್ಣು ಮಂಜಾಗೋದು, ಕೆಲವೊಮ್ಮೆ ಗೊಂದಲವೂ ಆಗುತ್ತೆ. ಹೊರಡುವ ಮುಂಚೆ ನಿಮ್ಮ ಡಾಕ್ಟರ ಹತ್ತಿರ ಹೋಗಿ ಬನ್ನಿ. ಹಡಗು ಹತ್ತಿದ ಮೇಲೆ ಪ್ರಯೋಗ ಬೇಡ.

ಒಂದು ಮಾತು ಮಾತ್ರ ನಿಜ. ವಿಮಾನವನ್ನೂ ಪೂರ್ತಿ ನಂಬೋ ಹಾಗಿಲ್ಲ. ಆ ದ್ವೀಪದಲ್ಲಿರೋದು ಜಲ್ಲಿಕಲ್ಲಿನ ರನ್‌ವೇ. ಮಂಜು ಮುಚ್ಚಿದರೆ ವಿಮಾನ ಇಳಿಯೋಲ್ಲ. ನನ್ನ ಗೆಳತಿ ಆ ದಾರಿಯಲ್ಲಿ ಹೋದವಳು. ಒಂದೂವರೆ ದಿನ ಕಾದಳು. ಉಳಿಯಬೇಕಿದ್ದ ರಜೆ ಅಲ್ಲೇ ಹೋಯಿತು.

ತುಂಗಾತೀರ

ಎಲ್ಲರೂ ಪೆಂಗ್ವಿನ್ ಬಗ್ಗೆ ಕೇಳ್ತಾರೆ. ಕೊನೆಯ ದಿನದ ಬಗ್ಗೆ ಕೇಳಿದವರು ನೀವೇ ಮೊದಲು. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಾನು, ನಮ್ಮ ಯಜಮಾನರು ಎರಡು ವರ್ಷದ ಹಿಂದೆ ಫೆಬ್ರವರಿ ಕೊನೆಯ ವಾರ ವಾಪಸ್ ಬಂದೆವು. ಆ ದಿನ ಬೆಳಗ್ಗೆ ಕಣ್ಣು ಬಿಟ್ಟಾಗ ಮೊದಲು ಕಂಡಿದ್ದು ಕಿಟಕಿ ಪರದೆ. ಗೋಡೆ ಬಿಟ್ಟು ಒಂದು ಗೇಣು ಈಚೆ ಬಂದು ನಿಂತಿತ್ತು. ಆಮೇಲೆ ನಿಧಾನಕ್ಕೆ ಹಿಂದೆ ಹೋಗಿ ಗೋಡೆಗೆ ಒರಗಿತು. ಮತ್ತೆ ಈಚೆ ಬಂತು. ಸ್ವಲ್ಪ ಹೊತ್ತು ನೋಡಿದ ಮೇಲೆ ಗೊತ್ತಾಯಿತು, ಪರದೆ ನೆಟ್ಟಗೆ ಇದ್ದಲ್ಲೇ ಇದೆ, ವಾಲುತ್ತಿರೋದು ಗೋಡೆ, ಮಂಚ, ನಾವು. ಅದು ಅರ್ಥವಾದ ಮೇಲೆ ನನಗೆ ಭಯ ಹೋಯಿತು.

ಲೌಂಜಿನಲ್ಲಿ ಒಂದು ಟಿವಿ ಪರದೆಯ ಮೇಲೆ ಹಡಗು ಎಲ್ಲಿದೆ, ನೀರಿನ ಉಷ್ಣತೆ ಎಷ್ಟು ಅಂತ ಬರುತ್ತಿರುತ್ತೆ. ಹಿಂದಿನ ದಿನ ಮಧ್ಯಾಹ್ನ ನೀರು 2 ಡಿಗ್ರಿ ಇತ್ತು. ಈ ಬೆಳಗ್ಗೆ 6. ರಾತ್ರಿ ನಾವು ಮಲಗಿದ್ದಾಗ ದಕ್ಷಿಣದ ತಣ್ಣೀರು, ಉತ್ತರದ ಸ್ವಲ್ಪ ಬೆಚ್ಚನೆಯ ನೀರು ಸೇರುವ ಗಡಿ ದಾಟಿದ್ದೆವು. ಗೆರೆ ಇಲ್ಲ, ಬೋರ್ಡ್ ಇಲ್ಲ, ಆದರೂ ಅಂಟಾರ್ಕ್ಟಿಕಾದ ನಿಜವಾದ ಬಾಗಿಲು ಅದೇ ಅಂತ ಹಡಗಿನ ವಿಜ್ಞಾನಿ ಹೇಳಿದರು. ಆ ಗಡಿಯ ಆಚೆ ಈಚೆ ಮೀನು, ಹಕ್ಕಿ ಎಲ್ಲ ಬದಲಾಗುತ್ತೆ. ವಿಮಾನದಲ್ಲಿ ಬಂದಿದ್ದರೆ ಇಂಥದ್ದೊಂದು ಬಾಗಿಲು ಇದೆ ಅಂತಲೇ ನಮಗೆ ಗೊತ್ತಾಗುತ್ತಿರಲಿಲ್ಲ.

ಹತ್ತು ಗಂಟೆಗೆ ಬೂಟು ವಾಪಸ್ ಕೊಡೋದು. ಹಡಗಿನಿಂದ ಜೋಡಿಯಾಕ್ ದೋಣಿಗೆ ಇಳಿಯುವ ಜಾಗದ ಪಕ್ಕ ಒಂದು ಕೋಣೆ ಇರುತ್ತೆ, ಮಡ್‌ರೂಮ್ ಅಂತಾರೆ. ಐದು ದಿನ ಅಲ್ಲಿ ಜನ ಗಿಜಿಗುಡುತ್ತಿದ್ದರು. ಆ ದಿನ ಬರೀ ಬೂಟುಗಳ ಸಾಲು. ನನ್ನ ಬೂಟಿನ ಅಡಿ ತಿರುಗಿಸಿ ನೋಡಿದೆ. ಗೀರುಗಳಲ್ಲಿ ಗುಲಾಬಿ ಬಣ್ಣದ ಕೊಳೆ ಇನ್ನೂ ಅಲ್ಲಲ್ಲಿ ಉಳಿದಿತ್ತು. ಪೆಂಗ್ವಿನ್ ಹಿಕ್ಕೆ. ಅವು ತಿನ್ನೋದು ಕ್ರಿಲ್, ಸಿಗಡಿಯಂಥ ಸಣ್ಣ ಜೀವಿ, ಅದರ ಬಣ್ಣ ಹಾಗೇ ಇಳಿಯುತ್ತೆ. ದಡಕ್ಕೆ ಹೋಗುವ ಮುಂಚೆ, ಬಂದ ಮೇಲೆ, ಪ್ರತಿ ಸಲ ಬ್ರಷ್ ಹಾಕಿ ಉಜ್ಜಿ ಔಷಧಿ ನೀರಲ್ಲಿ ಅದ್ದುತ್ತಿದ್ದೆವು. ಆದರೂ ಎಲ್ಲೋ ಉಳಿದಿತ್ತು. ಪಿನ್ನು ತಗೊಂಡು ಕೆದಕಿದೆ. ಕೊಳೆಯ ಜೊತೆ ಒಂದು ಕಲ್ಲು ಬಂತು. ಕಪ್ಪಗೆ, ಕಡಲೆಕಾಳಿನಷ್ಟು. ಅಲ್ಲಿಂದ ಒಂದು ಹರಳನ್ನೂ ತರಬಾರದು ಅನ್ನೋದು ನಿಯಮ. ಅಂಗೈಯಲ್ಲಿ ಒಂದು ನಿಮಿಷ ಹಿಡಿದುಕೊಂಡೆ. ಆಮೇಲೆ ಅಲ್ಲಿದ್ದ ಹುಡುಗನ ಕೈಗೆ ಕೊಟ್ಟೆ. ಕೊಡುವಾಗ ಹೊಟ್ಟೆಯೊಳಗೆ ಕಿವುಚಿದ ಹಾಗಾಯಿತು. ಊರು ಬಿಟ್ಟು ಬಂದೆ ಅಂತ ಅನ್ನಿಸಿದ್ದು ಅಲ್ಲಿ, ಆಗ.

ಲೆಕ್ಕ ಚುಕ್ತಾ ಮಾಡೋದು, ಟಿಪ್ಸ್ ಕವರು, ಪಾಸ್‌ಪೋರ್ಟ್ ವಾಪಸ್ ಪಡೆಯೋದು, ಬ್ಯಾಗಿಗೆ ಬಣ್ಣದ ಚೀಟಿ ಕಟ್ಟೋದು, ಇವೆಲ್ಲ ಒಂದು ಗಂಟೆಯ ಕೆಲಸ. ಬೇಗ ಮುಗಿಸಿಬಿಡಿ. ಬಹಳ ಜನ ಇಡೀ ದಿನ ಬ್ಯಾಗು ತುಂಬುತ್ತಾ ಕೂತಿದ್ದರು. ನನಗೆ ಅವರನ್ನು ನೋಡಿ ನಿಜಕ್ಕೂ ಸಂಕಟ ಆಯಿತು.

ಊಟದ ಮೇಲೆ ತಿಮಿಂಗಿಲದ ಫೋಟೋ ಕೆಲಸ. ಹಂಪ್‌ಬ್ಯಾಕ್ ತಿಮಿಂಗಿಲ ಮುಳುಗುವಾಗ ಬಾಲ ಎತ್ತುತ್ತಲ್ಲ, ಆ ಬಾಲದ ಅಡಿಯ ಕಪ್ಪು ಬಿಳುಪು ಚಿತ್ತಾರ ನಮ್ಮ ಬೆರಳ ಗುರುತಿನ ಹಾಗೆ. ಒಂದರದು ಇನ್ನೊಂದಕ್ಕಿಲ್ಲ. ಹ್ಯಾಪಿವೇಲ್ ಅನ್ನೋ ತಾಣಕ್ಕೆ ಯಾರು ಬೇಕಾದರೂ ಆ ಫೋಟೋ ಕಳಿಸಬಹುದು. ಇಡೀ ಮಧ್ಯಾಹ್ನ ಲೌಂಜಿನಲ್ಲಿ ಹತ್ತಾರು ಜನ ಕೂತು ಯಾರ ಫೋಟೋ ಚೆನ್ನಾಗಿದೆ, ಯಾವ ದಿನ, ಯಾವ ಕೊಲ್ಲಿ ಅಂತ ಆರಿಸಿದೆವು. ನಾನು ವಿಲ್ಹೆಲ್ಮಿನಾ ಕೊಲ್ಲಿಯಲ್ಲಿ ತೆಗೆದ ಒಂದು ಬಾಲವೂ ಹೋಯಿತು. ಊರಿಗೆ ಬಂದು ಮೂರು ವಾರದ ಮೇಲೆ ಉತ್ತರ ಬಂತು. ಅದೇ ತಿಮಿಂಗಿಲವನ್ನು ಮೊದಲೇ ಈಕ್ವೆಡಾರ್ ತೀರದಲ್ಲಿ ಯಾರೋ ಕಂಡಿದ್ದಾರೆ. ಮರಿ ಹಾಕೋಕೆ ಅಲ್ಲಿಗೆ, ಹೊಟ್ಟೆ ತುಂಬಿಸಿಕೊಳ್ಳೋಕೆ ಇಲ್ಲಿಗೆ. ತಿಂಗಳುಗಟ್ಟಲೆ ಈಜಿ ಹೋಗಿ ಬರುವ ಜೀವಕ್ಕೆ ನಮ್ಮ ಎರಡು ದಿನದ ಡ್ರೇಕ್ ಯಾವ ಲೆಕ್ಕ ಅಂತ ಅನ್ನಿಸಿತು.

ಸಂಜೆ ನಾಲ್ಕರ ಹೊತ್ತಿಗೆ ಓಲಾಟ ಇಳಿಯಿತು. ದೂರದಲ್ಲಿ ನೆಲ. ಮೊದಲು ಬೂದು, ಆಮೇಲೆ ನೀಲಿ, ಆಮೇಲೆ ಹಸಿರು. ಮರಗಳು! ಹತ್ತು ದಿನದಿಂದ ಒಂದು ಮರ ನೋಡಿರಲಿಲ್ಲ. ಅಂಟಾರ್ಕ್ಟಿಕಾದಲ್ಲಿ ಮರವೇ ಇಲ್ಲ. ಅಲ್ಲಿನದೇ ಆದ, ಹೂ ಬಿಡುವ ಗಿಡ ಅಂದರೆ ಎರಡೇ ಜಾತಿ. ಒಂದು ಹುಲ್ಲು, ಇನ್ನೊಂದು ನೆಲಕ್ಕೆ ಅಂಟಿಕೊಂಡ ಸಣ್ಣ ಗಿಡ. ನಾನು ಮಲೆನಾಡಿನವಳು, ಕಾಡಿನ ನಡುವೆ ಬೆಳೆದವಳು. ಮರ ಕಂಡು ಕಣ್ಣೀರು ಬರುತ್ತೆ ಅಂತ ಎಂದೂ ಅಂದುಕೊಂಡಿರಲಿಲ್ಲ.

ಉಶುವಾಯಕ್ಕೆ ಹೋಗುವ ಕಿರಿದಾದ ಜಲಮಾರ್ಗ ಬೀಗಲ್ ಚಾನೆಲ್ಲಿಗೆ ಬಂದಾಗ ಒಂದು ದೋಣಿ ಬಂದು, ಹಡಗಿಗೆ ದಾರಿ ತೋರಿಸುವ ಪೈಲಟ್ ಹತ್ತಿದರು. ಕತ್ತಲಾದ ಮೇಲೆ ಎಡಗಡೆ ಪುಯೆರ್ಟೊ ವಿಲಿಯಮ್ಸ್ ಊರಿನ ದೀಪಗಳು. ಅಂದು ಬೆಳಗ್ಗೆ ಈ ತೀರದ ಯಾಗನ್ ಜನರ ಬಗ್ಗೆ ಉಪನ್ಯಾಸ ಇತ್ತು. ಸಾವಿರಾರು ವರ್ಷ ಇದೇ ಚಳಿ ನೀರಲ್ಲಿ ಮರದ ತೊಗಟೆಯ ದೋಣಿಯಲ್ಲಿ ಓಡಾಡಿದವರು. ದೋಣಿಯ ನಡುವೆಯೇ ಬೆಂಕಿ ಇಟ್ಟುಕೊಳ್ಳುತ್ತಿದ್ದರು. ಆ ಭಾಷೆಯನ್ನು ತಾಯ್ನುಡಿಯಾಗಿ ಆಡುತ್ತಿದ್ದ ಕೊನೆಯವರು ಕ್ರಿಸ್ಟಿನಾ ಕಾಲ್ಡೆರಾನ್. 2022ರ ಫೆಬ್ರವರಿ 16ರಂದು 93ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮನೆ ಇದ್ದದ್ದು ಆ ದೀಪಗಳ ಪಕ್ಕದಲ್ಲೇ. ನಾನು, ಯಜಮಾನರು ಕಟಕಟೆ ಹಿಡಿದು ನೋಡುತ್ತಾ ನಿಂತೆವು. ಇಬ್ಬರೂ ಕನ್ನಡದಲ್ಲಿ ಮಾತಾಡುತ್ತಿದ್ದೆವು. ಮಾತು ಅಲ್ಲಿಗೇ ನಿಂತುಹೋಯಿತು.

ಆಮೇಲೆ ತಲೆ ಎತ್ತಿದೆ. ಎಷ್ಟೋ ದಿನದ ಮೇಲೆ ಮೋಡ ಇಲ್ಲದ ಕತ್ತಲೆ. ನಮ್ಮ ಊರಲ್ಲಿ ಬೇಸಿಗೆಯ ರಾತ್ರಿ ದಕ್ಷಿಣದ ಗುಡ್ಡದ ಮೇಲೆ ಸ್ವಲ್ಪ ಹೊತ್ತು ಕಂಡು ಮುಳುಗುವ ತ್ರಿಶಂಕು ನಕ್ಷತ್ರ, ಅಲ್ಲಿ ನಮ್ಮ ತಲೆಯ ಮೇಲಕ್ಕೆ ಹತ್ತಿತ್ತು. ನಾವೂ ಅವನ ಹಾಗೇ ಇದ್ದೆವು, ಅತ್ತ ಹಿಮವೂ ಇಲ್ಲ, ಇತ್ತ ನೆಲವೂ ಇಲ್ಲ. ಅಂಥ ಒಂದು ದಿನ ಬೇಕು ಕೆಲಗೇರಿಯವರೇ. ಎರಡು ತಾಸಲ್ಲಿ ಪೆಂಗ್ವಿನ್ನಿನಿಂದ ವಿಮಾನ ನಿಲ್ದಾಣಕ್ಕೆ ಬಂದು ಬಿದ್ದರೆ ಮನಸ್ಸು ಎಲ್ಲೋ ಹಿಂದೆ ಉಳಿದುಬಿಡುತ್ತೆ.

ಕೆಲಗೇರಿ

ತುಂಗಾತೀರ ಅವರೇ, ನಿಮ್ಮ ಬರಹ ಅವ್ವನಿಗೆ ಓದಿ ಹೇಳಿದೆ. ಕಲ್ಲಿನ ಭಾಗ ಎರಡು ಸಲ ಓದಿಸಿದರು. ಹಸಿರುಗದ್ದೆಯವರೇ, ಕಣ್ಣಿನ ಡಾಕ್ಟರ ಹತ್ತಿರ ನಾಳೆಯೇ ಹೋಗುತ್ತೇವೆ. ಇನ್ನೊಂದು ಪ್ರಶ್ನೆ ಉಳಿದಿದೆ. ಡ್ರೇಕ್ ಯಾಕೆ ಅಷ್ಟು ಒರಟು? ಅಪಾಯ ಇದೆಯಾ? ಅಕ್ಕ ಫೋನ್ ಮಾಡಿ 'ಅವ್ವನ್ನ ಅಲ್ಲಿಗೆ ಯಾಕೆ ಕರ್ಕೊಂಡು ಹೋಗ್ತೀ' ಅಂತ ಕೇಳ್ತಿದ್ದಾಳೆ.

ಪಡುಗಡಲು

ಮಂಗಳೂರು ಕಡೆಯವನು, ಸರಕು ಹಡಗಿನಲ್ಲಿ 22 ವರ್ಷ ಕೆಲಸ. ಎರಡು ಸಲ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿದ್ದೇನೆ. ಗೊತ್ತಿದ್ದದ್ದು ಹೇಳುತ್ತೇನೆ.

ಕೇಪ್ ಹಾರ್ನಿನಿಂದ ಅಂಟಾರ್ಕ್ಟಿಕಾದ ಅಂಚಿನ ದಕ್ಷಿಣ ಶೆಟ್ಲೆಂಡ್ ದ್ವೀಪಗಳಿಗೆ ಸುಮಾರು 800 ಕಿಲೋಮೀಟರ್. ಗ್ಲೋಬ್ ತಿರುಗಿಸಿ ನೋಡಿ. ಆ ಮಟ್ಟದಲ್ಲಿ ಪಶ್ಚಿಮದ ಗಾಳಿಗೆ ಭೂಮಿ ಸುತ್ತ ಎಲ್ಲೂ ಅಡ್ಡಿ ಇಲ್ಲ. ಗಾಳಿ ಸುತ್ತುತ್ತಲೇ ಇರುತ್ತೆ, ಅಲೆ ಬೆಳೆಯುತ್ತಲೇ ಇರುತ್ತೆ. ಜೊತೆಗೆ ಅಂಟಾರ್ಕ್ಟಿಕಾದ ಸುತ್ತ ಹರಿಯುವ ದೊಡ್ಡ ಪ್ರವಾಹ ಇದೇ ಇಕ್ಕಟ್ಟಿನಲ್ಲಿ ನುಗ್ಗಬೇಕು. ಸೆಕೆಂಡಿಗೆ 13 ಕೋಟಿ ಘನ ಮೀಟರಿಗಿಂತ ಜಾಸ್ತಿ ನೀರು ಮಾರಾಯ್ರೇ. ಜಗತ್ತಿನ ಎಲ್ಲ ನದಿಗಳ ನೀರು ಸೇರಿಸಿದರೂ ಅದರ ಸುಮಾರು ನೂರನೇ ಒಂದು ಪಾಲು. ಹಾರ್ನಿನ ಹತ್ತಿರ ಸಮುದ್ರದ ತಳ ಸಾವಿರಾರು ಮೀಟರ್ ಆಳದಿಂದ ನೂರಿನ್ನೂರು ಮೀಟರಿಗೆ ಏರುತ್ತೆ. ಅಲೆ ಅಲ್ಲಿ ಕಡಿದಾಗುತ್ತೆ. ಅದಕ್ಕೇ ಕೊನೆಯ ದಿನ ಬೆಳಗ್ಗೆ ಚೆನ್ನಾಗಿದ್ದದ್ದು ಮಧ್ಯಾಹ್ನ ಕೆಟ್ಟರೆ ಗಾಬರಿ ಬೇಡ. ದ್ವೀಪಗಳ ಮರೆ ಸಿಕ್ಕಿದ ಕೂಡಲೇ ಇಳಿಯುತ್ತೆ.

ಯಾವಾಗಲೂ ಹಾಗಿರುತ್ತೆ ಅಂತಲೂ ಅಲ್ಲ. ಕೆಲವು ಸಲ ನಮ್ಮ ಸೋಮೇಶ್ವರದ ಕಡಲು ಡಿಸೆಂಬರಿನಲ್ಲಿ ಇದ್ದ ಹಾಗೆ ಇರುತ್ತೆ. ಅಲ್ಲಿನವರು ಆಗ ಅದನ್ನು ಡ್ರೇಕ್ ಕೆರೆ ಅಂತಾರೆ.

ಅಪಾಯದ ಮಾತು. 2007ರ ನವೆಂಬರ್ 23ರಂದು ಎಕ್ಸ್‌ಪ್ಲೋರರ್ ಅನ್ನೋ ಹಡಗು ಕಿಂಗ್ ಜಾರ್ಜ್ ದ್ವೀಪದ ಹತ್ತಿರ ಹಿಮಕ್ಕೆ ಬಡಿದು ಮುಳುಗಿತು. 154 ಜನ ಗಂಟೆಗಟ್ಟಲೆ ಜೀವರಕ್ಷಕ ದೋಣಿಗಳಲ್ಲಿ ಕೂತಿದ್ದರು. ಎಲ್ಲರೂ ಬದುಕಿದರು, ಇನ್ನೊಂದು ಪ್ರವಾಸಿ ಹಡಗು ಬಂದು ಎತ್ತಿಕೊಂಡಿತು. ಈಗ 2017ರಿಂದ ಧ್ರುವ ಪ್ರದೇಶದ ಹಡಗುಗಳಿಗೆ ಬೇರೆಯೇ ಕಟ್ಟುನಿಟ್ಟಿನ ನಿಯಮಾವಳಿ ಇದೆ. ಹವಾಮಾನದ ಮುನ್ಸೂಚನೆಯೂ ಬಹಳ ಸುಧಾರಿಸಿದೆ. ದೊಡ್ಡ ತೂಫಾನು ಬರುತ್ತೆ ಅಂತ ಕಂಡರೆ ಕ್ಯಾಪ್ಟನ್ ಕೊನೆಯ ಇಳಿಯುವಿಕೆ ರದ್ದು ಮಾಡಿ ಬೇಗ ಹೊರಡುತ್ತಾರೆ. ಆಗ ಜನ 'ದುಡ್ಡು ಕೊಟ್ಟಿದ್ದೇವೆ' ಅಂತ ಜಗಳಕ್ಕೆ ಬರುತ್ತಾರೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಕಡಲಲ್ಲಿ ಕ್ಯಾಪ್ಟನ್ನಿನ ಮಾತು ಕೇಳಬೇಕು. ಆ ಒಂದು ತೀರ್ಮಾನದಿಂದ ಎಷ್ಟು ಜನರ ಕೈಕಾಲು ಉಳಿದಿದೆ ಅಂತ ನನಗೆ ಗೊತ್ತು.

ನಿಜವಾಗಿ ಪೆಟ್ಟಾಗೋದು ಹಡಗಿನ ಒಳಗೆ. ಬಾಗಿಲಿನ ಚೌಕಟ್ಟು ಹಿಡಿಯಬೇಡಿ, ಹಿಡಿಕೆ ಹಿಡಿಯಿರಿ. ಹಡಗು ವಾಲಿದಾಗ ಬಾಗಿಲು ಬಡಿದರೆ ಬೆರಳು ಹೋಗುತ್ತೆ. ಒಂದು ಕೈ ನಿಮಗೆ, ಒಂದು ಕೈ ಹಡಗಿಗೆ. ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದು ನಡೆಯಬಾರದು. ಅವ್ವನವರು ಸ್ನಾನಕ್ಕೆ ಓಲಾಟ ಇಳಿಯುವವರೆಗೆ ಕಾಯಲಿ. ಕೊನೆಯ ದಿನವೇ ಜನ ಜಾಸ್ತಿ ಬೀಳೋದು. ಎಲ್ಲ ಅಭ್ಯಾಸ ಆಗಿದೆ ಅನ್ನೋ ಧೈರ್ಯ ಬಂದಿರುತ್ತೆ.

ಇನ್ನೂ ಬುಕ್ ಮಾಡಿಲ್ಲ ಅಂದರೆ ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಭಾಗದಲ್ಲಿ ಕ್ಯಾಬಿನ್ ಕೇಳಿ. ತೊಟ್ಟಿಲ ನಡುವೆ ಕೂತ ಹಾಗೆ, ಅಲ್ಲಿ ಅಲುಗಾಟ ಕಡಿಮೆ. ಮೇಲಿನ ಬಾಲ್ಕನಿ ಕೋಣೆಗೆ ದುಡ್ಡೂ ಜಾಸ್ತಿ, ತೂಗಾಟವೂ ಜಾಸ್ತಿ.

ಬೆಳ್ಳಕ್ಕಿ

ನಿನ್ನೆ ಬರೆಯುತ್ತೇನೆ ಅಂದಿದ್ದೆ, ಇವತ್ತಾಯಿತು.

ಅಲೆಮಾರಿ ಆಲ್ಬಟ್ರಾಸ್. ರೆಕ್ಕೆ ಬಿಚ್ಚಿದರೆ ಮೂರೂವರೆ ಮೀಟರ್‌ವರೆಗೆ. ಬದುಕಿರುವ ಯಾವ ಹಕ್ಕಿಗೂ ಅಷ್ಟು ಅಗಲದ ರೆಕ್ಕೆ ಇಲ್ಲ. ಹಡಗಿನ ಹಿಂಭಾಗದಲ್ಲಿ ಗಾಳಿ ತಾಗದ ಮೂಲೆ ನೋಡಿಕೊಂಡು ನಿಲ್ಲಿ. ಹಡಗು ಸೀಳಿದ ನೀರಿನ ದಾರಿ ಹಿಡಿದು ಅವು ಬರುತ್ತವೆ. ನಾನು ಗಡಿಯಾರ ಇಟ್ಟುಕೊಂಡು ನೋಡಿದೆ. ಇಪ್ಪತ್ತು ನಿಮಿಷ. ಒಂದು ಸಲವೂ ರೆಕ್ಕೆ ಬಡಿಯಲಿಲ್ಲ.

ಅದರ ಗುಟ್ಟು ಹೀಗೆ. ನೀರಿಗೆ ತಾಗಿದ ಗಾಳಿ ನಿಧಾನ, ಹತ್ತು ಹದಿನೈದು ಮೀಟರ್ ಮೇಲಿನ ಗಾಳಿ ಜೋರು. ಹಕ್ಕಿ ಗಾಳಿಗೆ ಎದುರಾಗಿ ಮೇಲೇರುತ್ತೆ, ತಿರುಗಿ ಗಾಳಿಯ ಜೊತೆ ಕೆಳಗೆ ಜಾರುತ್ತೆ, ಅಲೆಯ ತಗ್ಗಿನಲ್ಲಿ ರೆಕ್ಕೆಯ ತುದಿ ನೀರಿಗೆ ಇನ್ನೇನು ತಾಗಿತು ಅನ್ನುವಾಗ ಮತ್ತೆ ತಿರುಗುತ್ತೆ. ಎರಡು ಗಾಳಿಯ ವೇಗದ ವ್ಯತ್ಯಾಸವೇ ಅದರ ಇಂಧನ. ರೆಕ್ಕೆ ಚಾಚಿ ಹಿಡಿಯೋಕೆ ಭುಜದಲ್ಲಿ ಒಂದು ಸ್ನಾಯುರಜ್ಜು ಚಿಲಕದ ಹಾಗೆ ಕೆಲಸ ಮಾಡುತ್ತೆ, ಹಾಗಾಗಿ ಮೈ ದಣಿಯೋದಿಲ್ಲ. ಗಾಳಿ ನಿಂತರೆ ಇವು ಕಷ್ಟಪಡುತ್ತವೆ, ನೀರ ಮೇಲೆ ಕೂತು ಕಾಯುತ್ತವೆ. ನಮಗೆ ಹೊಟ್ಟೆ ತೊಳೆಸುವ ಗಾಳಿ ಅವುಗಳ ಅನ್ನ. ಇದನ್ನು ತಿಳಿದು ನೋಡಿದ ಮೇಲೆ ನನಗೆ ಡ್ರೇಕಿನ ಗಾಳಿಯ ಮೇಲೆ ಸಿಟ್ಟು ಬರಲೇ ಇಲ್ಲ.

ಕೊನೆಯ ದಿನ ಕಪ್ಪು ಹುಬ್ಬಿನ ಆಲ್ಬಟ್ರಾಸ್ ಜಾಸ್ತಿ ಸಿಗುತ್ತವೆ. ಹಾರ್ನಿನ ನೈಋತ್ಯಕ್ಕಿರುವ ದಿಯೆಗೊ ರಾಮಿರೆಜ್ ದ್ವೀಪಗಳಲ್ಲಿ ಅವುಗಳ ಗೂಡು. ಕಣ್ಣಿನ ಮೇಲೆ ಕಾಡಿಗೆ ಎಳೆದ ಹಾಗೆ ಒಂದು ಗೆರೆ. ಹತ್ತಿರ ಬಂದು ನಿಮ್ಮನ್ನೇ ನೋಡಿಕೊಂಡು ಹೋಗುತ್ತೆ.

ಅಲೆಮಾರಿ ಆಲ್ಬಟ್ರಾಸ್ ಎರಡು ವರ್ಷಕ್ಕೆ ಒಂದೇ ಮೊಟ್ಟೆ ಇಡೋದು. ಉದ್ದದ ಹಗ್ಗಕ್ಕೆ ಸಾವಿರಾರು ಗಾಳ ಕಟ್ಟಿ ಮೀನು ಹಿಡಿಯುವ ದೋಣಿಗಳಿವೆಯಲ್ಲ, ಆ ಗಾಳದ ತುಂಡು ಮೀನಿಗೆ ಬಾಯಿ ಹಾಕಿ ಇವು ಮುಳುಗಿ ಸಾಯುತ್ತವೆ. ಮದ್ದು ಇಲ್ಲದ ರೋಗ ಅಲ್ಲ ಇದು. ರಾತ್ರಿ ಹೊತ್ತು ಗಾಳ ಬಿಡೋದು, ಹಗ್ಗಕ್ಕೆ ಭಾರ ಕಟ್ಟೋದು, ಹಕ್ಕಿ ಬೆದರಿಸುವ ಬಣ್ಣದ ಪಟ್ಟಿ ತೂಗಿಬಿಡೋದು. ಸೌತ್ ಜಾರ್ಜಿಯಾ ದ್ವೀಪದ ಸುತ್ತ ಹೀಗೆ ಮಾಡಿಯೇ ಸಾವನ್ನು ಬಹುಪಾಲು ನಿಲ್ಲಿಸಿದ್ದಾರೆ. ಬೇರೆ ಕಡಲುಗಳಲ್ಲಿ ಇನ್ನೂ ಸಾಯುತ್ತಿವೆ. ಆ ಹಕ್ಕಿಯ ಕಣ್ಣನ್ನು ಹತ್ತು ಅಡಿ ದೂರದಿಂದ ನೋಡಿದ ಮೇಲೆ ಈ ವಿಷಯ ನನಗೆ ಬರೀ ಸುದ್ದಿಯಾಗಿ ಉಳಿದಿಲ್ಲ.

ಗುಬ್ಬಿಗೂಡು

ಎಲ್ಲ ಓದಿದೆ. ಚೆನ್ನಾಗಿದೆ. ಆದರೆ ಮನಸ್ಸಿಗೆ ಬಂದದ್ದು ಕೇಳಿಬಿಡುತ್ತೇನೆ. ನಾವು ಅಲ್ಲಿಗೆ ಹೋಗಲೇಬೇಕಾ? 2023-24ರಲ್ಲಿ 1 ಲಕ್ಷ 20 ಸಾವಿರಕ್ಕೂ ಜಾಸ್ತಿ ಜನ ಹೋಗಿದ್ದಾರೆ. ಇಲ್ಲಿಂದ ಅರ್ಧ ಭೂಮಿ ವಿಮಾನದಲ್ಲಿ ಸುತ್ತಿ, ಆಮೇಲೆ ಹಡಗು. ಹಕ್ಕಿಜ್ವರ ಬೇರೆ 2024ರ ಫೆಬ್ರವರಿಯಲ್ಲಿ ಆ ಖಂಡದ ಹಕ್ಕಿಗಳಲ್ಲೂ ಕಾಣಿಸಿಕೊಂಡಿತು. ಪ್ರೀತಿ ಇದ್ದರೆ ದೂರ ಇರೋದೇ ಪ್ರೀತಿ ಅಲ್ವಾ? ಯಾರನ್ನೂ ನೋಯಿಸೋಕೆ ಕೇಳುತ್ತಿಲ್ಲ.

ತುಂಗಾತೀರ

ನೀವು ಕೇಳಿದ್ದು ಸರಿ. ಇದೇ ಪ್ರಶ್ನೆ ಆ ಕೊನೆಯ ದಿನ ನಮ್ಮ ಊಟದ ಮೇಜಿನಲ್ಲೂ ಎದ್ದಿತ್ತು. ಐದು ದಿನ ಯಾರಿಗೂ ನೆನಪಾಗಲಿಲ್ಲ, ವಾಪಸ್ ಬರುವಾಗ ಎಲ್ಲರಿಗೂ ನೆನಪಾಯಿತು.

ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ವಿಮಾನ, ಹಡಗಿನ ಹೊಗೆಯ ಲೆಕ್ಕ ನನ್ನ ತಲೆಯ ಮೇಲಿದೆ, ಅದನ್ನು ಅಲ್ಲ ಅನ್ನೋಕಾಗಲ್ಲ. ಅಲ್ಲಿ ನಡೆಯುವ ರೀತಿ ಮಾತ್ರ ಹೇಳಬಲ್ಲೆ. 1991ರಲ್ಲಿ ಏಳು ಪ್ರವಾಸಿ ಕಂಪನಿಗಳು ಸೇರಿ ಐಎಎಟಿಒ ಅನ್ನೋ ಸಂಘ ಮಾಡಿಕೊಂಡವು. ಒಂದು ಜಾಗದಲ್ಲಿ ಒಂದು ಹೊತ್ತಿಗೆ 100 ಜನರಿಗಿಂತ ಜಾಸ್ತಿ ಇಳಿಯುವಂತಿಲ್ಲ. 500ಕ್ಕಿಂತ ಜಾಸ್ತಿ ಪ್ರಯಾಣಿಕರ ಹಡಗು ಯಾರನ್ನೂ ಇಳಿಸುವಂತಿಲ್ಲ. ಪೆಂಗ್ವಿನ್‌ನಿಂದ 5 ಮೀಟರ್ ದೂರ. ಹಕ್ಕಿಜ್ವರ ಬಂದ ಮೇಲೆ ನೆಲದ ಮೇಲೆ ಕೂರೋದು, ಮಂಡಿ ಊರೋದು, ಬ್ಯಾಗ್ ಇಡೋದು ಎಲ್ಲ ನಿಂತಿದೆ. 2011ರಿಂದ ಆ ನೀರಲ್ಲಿ ಮಂದವಾದ ಭಾರೀ ಇಂಧನ ತೈಲದ ಹಡಗು ಹೋಗುವ ಹಾಗಿಲ್ಲ.

ಇಷ್ಟು ಸಾಲದು ಅಂತ ನನಗೂ ಅನ್ನಿಸುತ್ತೆ. ಜನ ಹೆಚ್ಚುತ್ತಿದ್ದಾರೆ. ಇಡೀ ಋತುವಿಗೆ ಇಷ್ಟೇ ಜನ ಅಂತ ಒಂದು ಮಿತಿ ಬೇಕು. ನಮ್ಮ ದೇಶಕ್ಕೂ ಇದರಲ್ಲಿ ಮಾತಿದೆ ಗೊತ್ತಾ? 1983ರಲ್ಲಿ ಭಾರತ ಅಂಟಾರ್ಕ್ಟಿಕ್ ಒಪ್ಪಂದಕ್ಕೆ ಸೇರಿತು, ಅದೇ ವರ್ಷ ತೀರ್ಮಾನ ಮಾಡುವ ದೇಶಗಳ ಸಾಲಿಗೂ ಬಂತು. ಮೈತ್ರಿ, ಭಾರತಿ ಅಂತ ನಮ್ಮ ಎರಡು ಕೇಂದ್ರಗಳು ಅಲ್ಲಿ ನಡೆಯುತ್ತಿವೆ. ಅವು ಪ್ರವಾಸಿಗಳು ಹೋಗುವ ಪರ್ಯಾಯ ದ್ವೀಪದಿಂದ ಬಹಳ ದೂರ. 2024ರ ಮೇ ತಿಂಗಳಲ್ಲಿ ಒಪ್ಪಂದದ ಸಭೆ ನಡೆದದ್ದೇ ಕೊಚ್ಚಿಯಲ್ಲಿ. ಪ್ರವಾಸಕ್ಕೆ ಕಟ್ಟುಪಾಡು ಹೇಗಿರಬೇಕು ಅಂತ ಅಲ್ಲಿ ಪ್ರತ್ಯೇಕವಾಗಿ ಚರ್ಚೆ ಆಯಿತು.

ನಾನು ಇನ್ನೊಂದು ಸಲ ಹೋಗೋದಿಲ್ಲ. ನನ್ನ ಪಾಲಿನದು ಮುಗಿಯಿತು ಅಂತ ಆ ರಾತ್ರಿ ಕಟಕಟೆಯ ಹತ್ತಿರವೇ ಮನಸ್ಸಿನಲ್ಲಿ ಹೇಳಿಕೊಂಡೆ.

ಗುಬ್ಬಿಗೂಡು

ನೇರವಾಗಿ ಹೇಳಿದ್ದಕ್ಕೆ ಧನ್ಯವಾದ. ಆ ಕೊನೆಯ ಮಾತು ನನ್ನ ಮನಸ್ಸಿಗೆ ಬಂತು.

ಹಸಿರುಗದ್ದೆ

ಬೆಳ್ಳಕ್ಕಿಯವರೇ, ನಾನು ಕಣ್ಣುಮುಚ್ಚಿ ಮಲಗಿದ್ದಾಗ ಹೊರಗೆ ಅದು ಹಾರುತ್ತಿತ್ತು ಅಂತ ಇವತ್ತು ಗೊತ್ತಾಯಿತು. ಕೆಲಗೇರಿಯವರೇ, ಡಾಕ್ಟರು ಸರಿ ಅಂದರೆ ಹಡಗಿನಲ್ಲೇ ಬನ್ನಿ. ಮಾತ್ರೆ ಓಲಾಟ ಶುರುವಾದ ಮೇಲೆ ಅಲ್ಲ, ಅಂಟಾರ್ಕ್ಟಿಕಾ ಬಿಡುವ ಮುಂಚೆಯೇ ತಗೊಳ್ಳಿ. ನಾನು ಅಲ್ಲೇ ತಪ್ಪಿದ್ದು.

ಕೆಲಗೇರಿ

ಹೋಗಿ ಬಂದೆವು. ಹಡಗಿನಲ್ಲೇ. ನಿಮ್ಮೆಲ್ಲರಿಗೂ ಹೇಳಬೇಕು ಅಂತ ಬಂದೆ.

ಅವ್ವನ ಕಣ್ಣು ಪರೀಕ್ಷೆ ಮಾಡಿಸಿದಾಗ ಪಟ್ಟಿ ಬೇಡ ಅಂದರು. ಬೇರೆ ಮಾತ್ರೆ ಬರೆದುಕೊಟ್ಟರು. ಪಡುಗಡಲು ಅವರು ಹೇಳಿದ ಹಾಗೆ ಕೆಳಗಿನ ನಡು ಕ್ಯಾಬಿನ್ ತಗೊಂಡೆವು. ವಾಪಸ್ ಬರುವಾಗ ಮೊದಲ ದಿನ ಇಬ್ಬರೂ ಮಲಗಿಯೇ ಇದ್ದೆವು. ಕ್ಯಾಪ್ಟನ್ ಕೊನೆಯ ಇಳಿಯುವಿಕೆ ನಿಜವಾಗಿಯೂ ರದ್ದು ಮಾಡಿದರು, ಗಾಳಿ ಬರುತ್ತೆ ಅಂತ ಆರು ತಾಸು ಮುಂಚೆ ಹೊರಟರು. ಕೆಲವರು ಗೊಣಗಿದರು. ಅವ್ವ ಅವರಿಗೆ ಅಲೆಯ ಪಾಠ ಮಾಡಿದರು, ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆ.

ಎರಡನೇ ದಿನ, ಅದೇ ಆ ಕೊನೆಯ ದಿನ, ಅವ್ವ ಆರು ಗಂಟೆಗೇ ಎದ್ದು ಲೌಂಜಿಗೆ ಹೋಗಿದ್ದರು. ನಾನು ಹೋಗಿ ನೋಡಿದಾಗ ಪರದೆಯ ಮುಂದೆ ಕೂತು ನೋಟ್‌ಬುಕ್ಕಿನಲ್ಲಿ ತಾಸಿಗೊಮ್ಮೆ ಅಕ್ಷಾಂಶ, ರೇಖಾಂಶ, ನೀರಿನ ಉಷ್ಣತೆ ಬರೆದುಕೊಳ್ಳುತ್ತಿದ್ದರು. 58, 57, 56. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ನಕ್ಷೆ. ಈ ಸಲ ಕೆಳಗಿನಿಂದ ಶುರು ಮಾಡಿದ್ದರು. ಖಂಡ ಪೂರ್ತಿ ಬಂದಿತ್ತು, ಮೇಲೆ ದಕ್ಷಿಣ ಅಮೆರಿಕಕ್ಕೆ ಜಾಗ ಸಾಲದೆ ಬರೀ ತುದಿ ಇತ್ತು.

ಕಪ್ಪು ಹುಬ್ಬಿನದು ಬಂತು ಬೆಳ್ಳಕ್ಕಿಯವರೇ. ಎರಡು. ದೊಡ್ಡದು ಒಂದೇ ಸಲ, ದೂರದಲ್ಲಿ, ಅಷ್ಟರಲ್ಲೇ ಮಂಜು ಮುಚ್ಚಿತು.

ನಮ್ಮ ಬ್ಯಾಗಿನಲ್ಲಿ ಅರ್ಧ ಡಬ್ಬಿ ಶೇಂಗಾ ಚಟ್ನಿಪುಡಿ ಉಳಿದಿತ್ತು. ಹತ್ತು ದಿನ ಅವ್ವನ ತಟ್ಟೆ ನೋಡಿ ಬೇಳೆ ಸೂಪು ಮಾಡಿಸಿ ತಂದುಕೊಡುತ್ತಿದ್ದ ಅಡುಗೆಮನೆಯ ಹುಡುಗನಿಗೆ ಕೊಟ್ಟರು. ಹೇಗೆ ತಿನ್ನಬೇಕು ಅಂತ ಮೊಸರಲ್ಲಿ ಕಲಸಿ ತೋರಿಸಿದರು.

ಸಂಜೆ ಚಾನೆಲ್ಲಿನ ಬಾಯಿಗೆ ಬಂದಾಗ ಸಣ್ಣ ಮಳೆ. ನಾನು ಒಳಗೆ ಬಿಲ್ ಕೊಡುವ ಸಾಲಿನಲ್ಲಿ ನಿಂತಿದ್ದೆ. ಅವ್ವ ಡೆಕ್ಕಿನಿಂದ ಬಂದು ನನ್ನ ತೋಳು ಹಿಡಿದು ಎಳೆದರು. ಹೊರಗೆ ಹೋದೆ. ದಡ ಇನ್ನೂ ಸರಿಯಾಗಿ ಕಾಣುತ್ತಿರಲಿಲ್ಲ. ಕಟಕಟೆ ಹಿಡಿದು, ಕಣ್ಣು ಮುಚ್ಚಿ, ಉಸಿರು ಎಳೆದುಕೊಂಡು ಅಂದರು: "ಮಣ್ಣಿನ ವಾಸನಿ ಬರಾಕತ್ತೈತಿ ನೋಡು."